ಬಾಕ್ಸಿಂಗ್ ಮಿಡಲ್‌ವೇಟ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ನಾನು ಹ್ಯಾಗ್ಲರ್ ಅಂತೀನಿ, ಬೈಯೋರು ಬೈಯಿರಿ

ರಾತ್ರಿಪಾಳಿ:

ನನ್ನದು ರಾತ್ರಿ ಕೆಲಸ. ಎರಡು ಗಂಟೆ ಮೇಲೆ ಫೋನು ಬರುವುದೇ ಕಮ್ಮಿ, ತೂಕಡಿಕೆ ಬರಬಾರದು ಅಂತ ಹಳೇ ಬಾಕ್ಸಿಂಗ್ ವಿಡಿಯೋ ಹಾಕಿಕೊಂಡು ಕೂರುತ್ತೇನೆ. ಮೊನ್ನೆ ಮಾರ್ವಿನ್ ಹ್ಯಾಗ್ಲರ್-ಥಾಮಸ್ ಹರ್ನ್ಸ್ ಪಂದ್ಯ ಎಷ್ಟನೇ ಸಲವೋ ನೋಡಿದೆ. 1985ರ ಏಪ್ರಿಲ್ 15, ಲಾಸ್ ವೇಗಸ್. ಗಂಟೆ ಹೊಡೆದದ್ದೇ ತಡ ಹ್ಯಾಗ್ಲರ್ ನುಗ್ಗುತ್ತಾನೆ. ಅಲ್ಲಿಂದ ಮೂರು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ಬಿಡುವುದೇ ಇಲ್ಲ. ಆ ಮೊದಲ ರೌಂಡಲ್ಲೇ ಹರ್ನ್ಸ್ ಬಲಗೈ ಮೂಳೆ ಮುರಿಯಿತು, ಹ್ಯಾಗ್ಲರ್ ತಲೆಗೆ ಹೊಡೆದೂ ಹೊಡೆದೂ. ಇತ್ತ ಹ್ಯಾಗ್ಲರ್ ಹಣೆ ಸೀಳಿ ಮುಖವೆಲ್ಲ ರಕ್ತ. ಮೂರನೇ ರೌಂಡಲ್ಲಿ ರೆಫ್ರಿ ನಿಲ್ಲಿಸಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಇನ್ನು ತಡ ಮಾಡಿದರೆ ಗಾಯದ ನೆಪದಲ್ಲಿ ಪಂದ್ಯ ಕೈಬಿಡುತ್ತೆ ಅಂತ ಹ್ಯಾಗ್ಲರ್‌ಗೆ ಗೊತ್ತಾಗಿರಬೇಕು. ವಾಪಸ್ ಬಂದವನು ಸ್ವಲ್ಪ ಹೊತ್ತಿಗೇ ಹರ್ನ್ಸ್‌ನನ್ನು ಮಲಗಿಸಿಯೇ ಬಿಟ್ಟ. ಎಲ್ಲಾ ಸೇರಿ ಎಂಟು ನಿಮಿಷ.

ಅದನ್ನು ನೋಡಿ ಮುಗಿಸಿದ ಮೇಲೆ ಈ ಪ್ರಶ್ನೆ ತಲೆ ತಿನ್ನುತ್ತಿದೆ. ಮಿಡಲ್‌ವೇಟ್, ಅಂದರೆ 160 ಪೌಂಡ್, ನಮ್ಮ ಲೆಕ್ಕದಲ್ಲಿ ಎಪ್ಪತ್ತೆರಡೂವರೆ ಕೆಜಿ. ಈ ತೂಕದಲ್ಲಿ ಇವತ್ತಿನವರೆಗೆ ಆಡಿದವರಲ್ಲಿ ಯಾರು ಮೇಲು?

ನನ್ನ ವೋಟು ಹ್ಯಾಗ್ಲರ್‌ಗೆ. 62 ಗೆಲುವು, 3 ಸೋಲು, 2 ಡ್ರಾ. ಗೆಲುವಿನಲ್ಲಿ 52 ನಾಕೌಟ್, ಅಂದರೆ ಎದುರಿನವನಿಗೆ ಮುಂದೆ ಆಡಲು ಆಗದ ಹಾಗೆ ಹೊಡೆದು ಮುಗಿಸಿದ್ದು. 1980ರಲ್ಲಿ ಲಂಡನ್‌ಗೆ ಹೋಗಿ ಅಲನ್ ಮಿಂಟರ್‌ನನ್ನು ಮೂರು ರೌಂಡಲ್ಲಿ ಮುಗಿಸಿ ವಿಶ್ವ ಚಾಂಪಿಯನ್ ಬೆಲ್ಟ್ ತಂದ. ಆವತ್ತು ಅಲ್ಲಿನ ಜನ ರಿಂಗಿಗೆ ಬಾಟಲಿ ಎಸೆದರು, ಇವನ ಕಡೆಯವರು ಇವನ ಮೇಲೆ ಮುಚ್ಚಿಕೊಂಡು ಕೂತು ಕಾಪಾಡಿದರು. ಆಮೇಲೆ 12 ಸಲ ಕಿರೀಟ ಉಳಿಸಿಕೊಂಡ. ಕೊನೆಗೆ 1987ರಲ್ಲಿ ಶುಗರ್ ರೇ ಲೆನಾರ್ಡ್ ಹತ್ತಿರ ಸೋತ, ಅಥವಾ ಸೋಲಿಸಲಾಯಿತು, ಅದರ ಬಗ್ಗೆ ನನಗೆ ಈಗಲೂ ಹೊಟ್ಟೆಯುರಿ.

ಒಂದೇ ಷರತ್ತು. 160 ಪೌಂಡಲ್ಲಿ ಏನು ಮಾಡಿದ ಅನ್ನುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಬೇರೆ ತೂಕದ ಸಾಧನೆ ಇಲ್ಲಿಗೆ ತರಬೇಡಿ.

ಹಳೇಪೇಪರ್:

ಆ ಷರತ್ತು ಹಾಕಿದ್ದೇ ರಾಬಿನ್ಸನ್‌ನನ್ನು ಹೊರಗಿಡೋಕೆ, ಅಲ್ವಾ? ಗೊತ್ತಾಯಿತು ಬಿಡಿ. ಆದರೂ ನಿಮ್ಮ ಷರತ್ತಿಗೆ ಒಪ್ಪಿಯೇ ಮಾತಾಡುತ್ತೇನೆ.

ಶುಗರ್ ರೇ ರಾಬಿನ್ಸನ್ ಈ ತೂಕದ ಕಿರೀಟ ಐದು ಸಲ ಗೆದ್ದ. ಮೊದಲನೆಯದು 1951ರ ಫೆಬ್ರವರಿ 14, ಶಿಕಾಗೊ, ಜೇಕ್ ಲಮೋಟಾ ಎದುರು. ಆ ಪಂದ್ಯದ ಕೊನೆಯ ರೌಂಡುಗಳನ್ನು ನೋಡಿದ್ದೀರಾ? ಲಮೋಟಾ ಹಗ್ಗಕ್ಕೆ ಒರಗಿ ನಿಂತಿದ್ದಾನೆ, ಕೈ ಎತ್ತಲು ಆಗುತ್ತಿಲ್ಲ, ಬೀಳುವುದೂ ಇಲ್ಲ. ರಾಬಿನ್ಸನ್ ಹೊಡೆಯುತ್ತಲೇ ಇದ್ದಾನೆ. ಹದಿಮೂರನೇ ರೌಂಡಲ್ಲಿ ರೆಫ್ರಿಯೇ ನಡುವೆ ಬರಬೇಕಾಯಿತು. ಇಬ್ಬರೂ ಒಟ್ಟು ಆರು ಸಲ ಆಡಿದರು, ಲಮೋಟಾ ಗೆದ್ದದ್ದು ಒಂದೇ ಒಂದು, 1943ರಲ್ಲಿ. ಅದು ರಾಬಿನ್ಸನ್ ವೃತ್ತಿಯ ಮೊದಲ ಸೋಲು. ಅದಾದ ಮೇಲೆ ಎಂಟು ವರ್ಷ, 91 ಪಂದ್ಯ, ಅವನನ್ನು ಸೋಲಿಸಿದವರು ಯಾರೂ ಇಲ್ಲ.

ಇನ್ನೊಂದು. 1957ರ ಮೇ 1. ಜನವರಿಯಲ್ಲಿ ಜೀನ್ ಫುಲ್ಮರ್ ಇವನನ್ನು ಸೋಲಿಸಿ ಬೆಲ್ಟ್ ಕಿತ್ತುಕೊಂಡಿದ್ದ. ಫುಲ್ಮರ್ ಅಂದರೆ ಗೂಳಿ. ಎಷ್ಟು ಹೊಡೆದರೂ ತಲೆ ತಗ್ಗಿಸಿ ನುಗ್ಗುವವನು, ಅಲ್ಲಿಯವರೆಗೆ ಅವನನ್ನು ಯಾರೂ ನಾಕೌಟ್ ಮಾಡಿರಲಿಲ್ಲ. ಐದನೇ ರೌಂಡ್. ರಾಬಿನ್ಸನ್ ಹಿಂದೆ ಹೆಜ್ಜೆ ಇಡುತ್ತಿದ್ದಾನೆ, ಹಿಂದೆ ಹೋಗುತ್ತಲೇ ಎಡಗೈ ಹುಕ್ ಒಂದು, ಪಕ್ಕದಿಂದ ಕೈ ಬಾಗಿಸಿ ಹೊಡೆಯುವ ಏಟು, ಗಿಡ್ಡದು, ಗದ್ದಕ್ಕೆ. ಮುಗಿಯಿತು. ಹಿಂದೆ ಸರಿಯುವಾಗ ಮೈಭಾರವೆಲ್ಲ ಹಿಂಗಾಲ ಮೇಲೆ ಇರುತ್ತದೆ, ಆಗ ಹೊಡೆದ ಏಟಿಗೆ ಅಂಥ ಜೋರು ಬರುವುದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಅವನ 36ನೇ ಹುಟ್ಟುಹಬ್ಬಕ್ಕೆ ಆಗ ಎರಡು ದಿನ ಬಾಕಿ ಇತ್ತು.

ಹ್ಯಾಗ್ಲರ್ ಒಳ್ಳೆಯ ಬಾಕ್ಸರ್. ಇವನು ಬೇರೆ ಜಾತಿ.

ರಾತ್ರಿಪಾಳಿ:

ಸರ್, ಐದು ಸಲ ಗೆದ್ದ ಅಂದರೆ ಮಧ್ಯೆ ಕಳೆದುಕೊಂಡ ಅಂತಲೂ ಅಲ್ವಾ? ಟರ್ಪಿನ್, ಫುಲ್ಮರ್, ಬಸಿಲಿಯೊ, ಪೆಂಡರ್. ನಾಲ್ಕು ಜನ ರಿಂಗಿನಲ್ಲೇ ಕಿತ್ತುಕೊಂಡರು. ಹ್ಯಾಗ್ಲರ್ ಹತ್ತಿರ ಒಂದೇ ಸಲ ಹೋಯಿತು, ಅದೂ ಇಬ್ಬರು ಜಜ್‌ಗಳ ದಯೆಯಿಂದ. ರಾಬಿನ್ಸನ್ ನಿಜವಾದ ರಾಬಿನ್ಸನ್ ಆಗಿದ್ದದ್ದು 147 ಪೌಂಡಲ್ಲಿ, ಅಂದರೆ ವೆಲ್ಟರ್‌ವೇಟಲ್ಲಿ. ಅದಕ್ಕೇ ಷರತ್ತು ಹಾಕಿದ್ದು.

ಹಳೇಪೇಪರ್:

ಟರ್ಪಿನ್ ಕಥೆ ಪೂರ್ತಿ ಹೇಳಿ ಮತ್ತೆ. 1951ರ ಬೇಸಿಗೆಯಲ್ಲಿ ರಾಬಿನ್ಸನ್ ಯುರೋಪ್ ಸುತ್ತುತ್ತಿದ್ದ. ದೊಡ್ಡ ಪರಿವಾರ, ಗುಲಾಬಿ ಬಣ್ಣದ ಕ್ಯಾಡಿಲಾಕ್ ಕಾರು ಬೇರೆ ಹಡಗಿನಲ್ಲಿ ಬಂದಿತ್ತು. ಊರೂರಲ್ಲಿ ಪಂದ್ಯ, ಊರೂರಲ್ಲಿ ಪಾರ್ಟಿ. ಆ ತಿರುಗಾಟದ ಕೊನೆಗೆ ಲಂಡನ್‌ನಲ್ಲಿ ಟರ್ಪಿನ್ ಎದುರು 15 ರೌಂಡ್ ಆಡಿ ಸೋತ. ಎರಡೇ ತಿಂಗಳು, ಸೆಪ್ಟೆಂಬರ್ 12, ನ್ಯೂಯಾರ್ಕ್, 60 ಸಾವಿರಕ್ಕೂ ಮೀರಿ ಜನ. ಹತ್ತನೇ ರೌಂಡಲ್ಲಿ ಕಣ್ಣಿನ ಮೇಲೆ ಸೀಳಿ ರಕ್ತ ಸುರಿಯಿತು. ಇಲ್ಲಿ ನಿಮ್ಮ ಹ್ಯಾಗ್ಲರ್‌ಗೆ ಆದದ್ದೇ ಇವನಿಗೂ ಆಯಿತು, ಗಮನಿಸಿ. ರೆಫ್ರಿ ನಿಲ್ಲಿಸುವ ಮೊದಲು ಮುಗಿಸಬೇಕು. ಮುಗಿಸಿದ. ಅದೇ ರೌಂಡಲ್ಲಿ.

ಹ್ಯಾಗ್ಲರ್ ಮಾಡಿದರೆ ವೀರ, ರಾಬಿನ್ಸನ್ ಮಾಡಿದರೆ ಲೆಕ್ಕಕ್ಕಿಲ್ಲ. ಯಾವ ನ್ಯಾಯ ಗುರು ಇದು.

ಕಡಲಮೀನು:

ನೀವಿಬ್ಬರೂ ಅಮೆರಿಕ ಬಿಟ್ಟು ಆಚೆ ಬರುವುದೇ ಇಲ್ಲವಾ ಮಾರಾಯ್ರೇ? ಕಾರ್ಲೋಸ್ ಮೊನ್ಸೋನ್ ಹೆಸರು ಯಾರೂ ಎತ್ತಲಿಲ್ಲ.

ಅರ್ಜೆಂಟೀನಾದವನು. 1964ರಲ್ಲಿ ಸೋತದ್ದೇ ಕೊನೆ, 1977ರಲ್ಲಿ ನಿವೃತ್ತಿ ಆಗುವವರೆಗೆ ಮತ್ತೆ ಸೋಲಲಿಲ್ಲ. ಹದಿಮೂರು ವರ್ಷ. 87 ಗೆಲುವು, 3 ಸೋಲು, 9 ಡ್ರಾ. ಕಿರೀಟ 14 ಸಲ ಉಳಿಸಿಕೊಂಡು, ಬೆಲ್ಟ್ ಇಟ್ಟುಕೊಂಡೇ ಮನೆಗೆ ಹೋದ. ನಿಮ್ಮ ಹ್ಯಾಗ್ಲರ್ ಹೋದದ್ದು ಸೋತು, ರಾಬಿನ್ಸನ್ ಹೋದದ್ದು ಸೋತು ಸೋತು.

1970ರಲ್ಲಿ ರೋಮ್‌ಗೆ ಹೋಗಿ ಚಾಂಪಿಯನ್ ನಿನೋ ಬೆನ್ವೆನೂತಿಯನ್ನು ಅವನ ದೇಶದಲ್ಲೇ ಹನ್ನೆರಡನೇ ರೌಂಡಲ್ಲಿ ಮಲಗಿಸಿದ. ಹೋಗುವಾಗ ಇವನು ಯಾರು ಅಂತಲೇ ಜನರಿಗೆ ಸರಿಯಾಗಿ ಗೊತ್ತಿರಲಿಲ್ಲ. ಎಮಿಲ್ ಗ್ರಿಫಿತ್‌ನನ್ನು ಎರಡು ಸಲ ಸೋಲಿಸಿದ. ಕೊನೆಯ ಪಂದ್ಯ 1977ರಲ್ಲಿ ರೊಡ್ರಿಗೊ ವಾಲ್ಡೆಸ್ ಜೊತೆ, ಎರಡನೇ ರೌಂಡಲ್ಲಿ ಬಿದ್ದ, ಎದ್ದ, ಗೆದ್ದ. ಬಿದ್ದು ಎದ್ದು 15 ರೌಂಡ್ ಆಡಿ ಗೆದ್ದವನು ನೋಡಿ.

ಇವನ ಆಟ ನೋಡಲು ಚಂದ ಅಲ್ಲ, ಅದು ಒಪ್ಪುತ್ತೇನೆ. ಕುಣಿತ ಇಲ್ಲ, ಓಟ ಇಲ್ಲ. ಉದ್ದ ಕೈ. ಎಡಗೈ ಮುಂದೆ ಚಾಚಿ ನಿಲ್ಲುವುದು, ಎದುರಿನವನು ಹತ್ತಿರ ಬರಬೇಕಾದರೆ ಆ ಕೈ ದಾಟಿ ಬರಬೇಕು, ದಾಟಿ ಬಂದರೆ ಬಲಗೈ ಕಾದಿರುತ್ತದೆ. ಬಾಗಿಲಲ್ಲಿ ನಾಯಿ ಕಟ್ಟಿದ ಮನೆ ಹಾಗೆ. ಅದನ್ನೇ ಏಳು ವರ್ಷ ಮಾಡಿದ, ಒಬ್ಬನಿಗೂ ಒಳಗೆ ನುಗ್ಗಲು ಆಗಲಿಲ್ಲ.

ಬೆಳಗಿನಓಟ:

ಕಡಲಮೀನು, ಮೊನ್ಸೋನ್ ಬಗ್ಗೆ ಇಷ್ಟು ಬರೆದು ಒಂದು ವಿಷಯ ಬಿಟ್ಟಿದ್ದೀರಿ. 1988ರಲ್ಲಿ ಅಲಿಸಿಯಾ ಮುನ್ಯಿಸ್, ಅವನ ಮಗುವಿನ ತಾಯಿ, ಅವರನ್ನು ಕೊಂದ. 11 ವರ್ಷ ಶಿಕ್ಷೆ ಆಯಿತು. 1995ರಲ್ಲಿ ರಜೆ ಮೇಲೆ ಹೊರಗೆ ಬಂದು ಜೈಲಿಗೆ ವಾಪಸ್ ಹೋಗುವಾಗ ಕಾರು ಅಪಘಾತದಲ್ಲಿ ಸತ್ತ. ಪಟ್ಟಿಯಲ್ಲಿ ಅವನ ಹೆಸರು ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ರಿಂಗಿನ ಲೆಕ್ಕ ರಿಂಗಿನದು. ಆದರೆ ಅವನ ಹೆಸರು ಬಂದ ಕಡೆ ಅವರ ಹೆಸರೂ ಬರಬೇಕು. ಅಷ್ಟೆ.

ಈಗ ಬಾಕ್ಸಿಂಗ್ ವಿಷಯಕ್ಕೆ. ನಾನು ವಾರಕ್ಕೆ ಮೂರು ದಿನ ಒಂದು ಜಿಮ್‌ನಲ್ಲಿ ಅಭ್ಯಾಸ ಮಾಡುತ್ತೇನೆ, ದೊಡ್ಡ ಬಾಕ್ಸರ್ ಏನಲ್ಲ. 2008ರಲ್ಲಿ ವಿಜೇಂದರ್ ಬೀಜಿಂಗ್‌ನಲ್ಲಿ ಕಂಚು ಗೆದ್ದಾಗ ಹೈಸ್ಕೂಲಲ್ಲಿದ್ದೆ, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ, ಅದು ಬಂದದ್ದೂ ಮಿಡಲ್‌ವೇಟಲ್ಲೇ, ಅಲ್ಲಿ ಆಗ ಅದು 75 ಕೆಜಿ.

ನನ್ನ ಆಯ್ಕೆ ಬರ್ನಾರ್ಡ್ ಹಾಪ್ಕಿನ್ಸ್. ಹದಿನೇಳನೇ ವಯಸ್ಸಿಗೆ ಜೈಲಿಗೆ ಹೋದವನು, ಕೈದಿ ನಂಬರ್ ವೈ4145. 56 ತಿಂಗಳು ಒಳಗಿದ್ದು ಬಂದು 1988ರಲ್ಲಿ ಮೊದಲ ಪಂದ್ಯ ಆಡಿದ, ಸೋತ. ಅಲ್ಲಿಂದ ಈ ತೂಕದಲ್ಲಿ 20 ಸಲ ಕಿರೀಟ ಉಳಿಸಿಕೊಂಡ. ಇಪ್ಪತ್ತು! 2001ರಲ್ಲಿ ಫೆಲಿಕ್ಸ್ ಟ್ರಿನಿಡಾಡ್ ಎದುರಿನ ಪಂದ್ಯ ನೋಡಿ. ಎಲ್ಲರೂ ಟ್ರಿನಿಡಾಡ್ ಗೆಲ್ಲುತ್ತಾನೆ ಅಂದುಕೊಂಡಿದ್ದರು, ಅವನು ಅಲ್ಲಿಯವರೆಗೆ ಸೋತೇ ಇರಲಿಲ್ಲ. ಹಾಪ್ಕಿನ್ಸ್ ಒಂದೊಂದೇ ರೌಂಡು ಅವನ ಕೈಯಿಂದ ಕಸಿದುಕೊಂಡು ಹನ್ನೆರಡರಲ್ಲಿ ಕೆಡವಿದ.

2004ರಲ್ಲಿ ಆಸ್ಕರ್ ಡೆ ಲಾ ಹೋಯಾನನ್ನು ಒಂದೇ ಏಟಿಗೆ ಕೆಡವಿದ್ದು ಇನ್ನೂ ಮಜಾ. ಪಕ್ಕೆಗೆ, ಯಕೃತ್ತಿನ ಮೇಲೆ, ಎಡಗೈ ಹುಕ್. ಟೀವಿಯಲ್ಲಿ ನೋಡಿದರೆ ಅಷ್ಟು ಸಣ್ಣ ಏಟಿಗೆ ಯಾಕೆ ಬಿದ್ದ ಅನಿಸುತ್ತೆ. ನನಗೆ ಒಮ್ಮೆ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಗುದ್ದಾಟದಲ್ಲಿ, ಅಲ್ಲೇ ಬಿದ್ದಿತ್ತು, ಅದೂ ಮೆತ್ತಗೆ. ಮೊದಲು ಏನೂ ಆಗುವುದಿಲ್ಲ. ಒಂದು ಕ್ಷಣ ಅರಾಮಾಗಿ ನಿಂತಿರುತ್ತೀರಿ, ಓ ತಪ್ಪಿಸಿಕೊಂಡೆ ಅಂದುಕೊಳ್ಳುತ್ತೀರಿ. ಆಮೇಲೆ ಯಾರೋ ಒಳಗಿಂದ ಸ್ವಿಚ್ ಆಫ್ ಮಾಡಿದ ಹಾಗೆ. ತಲೆ ಸರಿಯಾಗಿಯೇ ಇರುತ್ತೆ, ಏಳು ಅಂತ ಹೇಳುತ್ತೆ, ಕಾಲು ಕೇಳುವುದಿಲ್ಲ. ಡೆ ಲಾ ಹೋಯಾ ನೆಲ ಗುದ್ದುತ್ತಾನಲ್ಲ, ಅದು ನಾಟಕ ಅಲ್ಲ. ಆವತ್ತು ಮನೆಗೆ ಹೋಗಿ ನಾನು ಅನ್ನವೂ ತಿನ್ನಲಿಲ್ಲ.

ಇನ್ನೊಂದು, ನಿಮ್ಮ ಯಾರ ಪಟ್ಟಿಯಲ್ಲೂ ಹೆಂಗಸರು ಬರುವುದಿಲ್ಲ ಅಂತ ಗೊತ್ತು. ಕ್ಲಾರೆಸ್ಸಾ ಶೀಲ್ಡ್ಸ್ 2012, 2016 ಎರಡೂ ಒಲಿಂಪಿಕ್ಸ್‌ನಲ್ಲಿ ಈ ತೂಕದ ಚಿನ್ನ. 2019ರಲ್ಲಿ ವೃತ್ತಿಪರ ಮಿಡಲ್‌ವೇಟ್‌ನ ನಾಲ್ಕು ಸಂಸ್ಥೆಗಳ ನಾಲ್ಕೂ ಬೆಲ್ಟ್ ಒಟ್ಟಿಗೆ. ಹವ್ಯಾಸಿಯಾಗಿದ್ದಾಗ ಅವಳನ್ನು ಸೋಲಿಸಿದ್ದು ಒಬ್ಬಳೇ, ಇಂಗ್ಲೆಂಡಿನ ಸವಾನಾ ಮಾರ್ಷಲ್. ಹತ್ತು ವರ್ಷ ಕಾದು 2022ರಲ್ಲಿ ಲಂಡನ್‌ಗೇ ಹೋಗಿ ಆ ಲೆಕ್ಕವನ್ನೂ ಚುಕ್ತಾ ಮಾಡಿ ಬಂದಳು.

ಕಡಲಮೀನು:

ಮುನ್ಯಿಸ್ ವಿಷಯ ಬಿಟ್ಟದ್ದು ನನ್ನ ತಪ್ಪು. ಒಪ್ಪಿದೆ.

ಹಾಪ್ಕಿನ್ಸ್ ಬಗ್ಗೆ ಮಾತ್ರ ಒಂದು ಮಾತು ಅಕ್ಕ. ಟ್ರಿನಿಡಾಡ್, ಡೆ ಲಾ ಹೋಯಾ ಇಬ್ಬರೂ ಕೆಳಗಿನ ತೂಕದಿಂದ ಮೇಲೆ ಬಂದವರು. ದೊಡ್ಡವನು ಚಿಕ್ಕವರನ್ನು ಹೊಡೆದ ಹಾಗೆ ಆಯಿತಲ್ಲ.

ಬೆಳಗಿನಓಟ:

ಹಾಗಾದರೆ ರಾತ್ರಿಪಾಳಿಯವರಿಗೂ ಅದೇ ಕೇಳಿ. ಹ್ಯಾಗ್ಲರ್‌ನ ದೊಡ್ಡ ಪಂದ್ಯಗಳು ಯಾರ ಜೊತೆ? ಡುರಾನ್ 135 ಪೌಂಡಲ್ಲಿ ಚಾಂಪಿಯನ್ ಆಗಿದ್ದವನು. ಹರ್ನ್ಸ್, ಲೆನಾರ್ಡ್ ಇಬ್ಬರೂ 147ರಿಂದ ಬಂದವರು. ಆ 135ರ ಡುರಾನ್ 15 ರೌಂಡ್ ಪೂರ್ತಿ ನಿಂತು, ಪಾಯಿಂಟಲ್ಲಿ ಕೂದಲೆಳೆಯಷ್ಟರಲ್ಲಿ ಸೋತ. ನಿಮ್ಮ ಮೊನ್ಸೋನ್ ಕೂಡ 1974ರಲ್ಲಿ ನಾಪೋಲೆಸ್ ಜೊತೆ ಆಡಿದನಲ್ಲ, ಅವನೂ ವೆಲ್ಟರ್‌ವೇಟ್ ಚಾಂಪಿಯನ್ನೇ. ಎಲ್ಲರ ಮನೆ ದೋಸೆಯೂ ತೂತೇ.

ರಾತ್ರಿಪಾಳಿ:

ಇದಕ್ಕೆ ಉತ್ತರ ಇದೆ. ಹ್ಯಾಗ್ಲರ್ ಹೆಸರು ಮಾಡಿದ್ದು ಆ ಮೂವರಿಂದ ಇರಬಹುದು, ಆದರೆ ಚಾಂಪಿಯನ್ ಆಗುವ ಮೊದಲು ಅವನು ತೇದದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಮಿಡಲ್‌ವೇಟ್‌ಗಳು ಅಂದರೆ ಆ ಕಾಲದಲ್ಲಿ ಯಾರೂ ಮೈಮೇಲೆ ಎಳೆದುಕೊಳ್ಳದ ಜನ. 1976ರಲ್ಲಿ ಬಾಬಿ ವಾಟ್ಸ್ ಹತ್ತಿರ ಸೋತ, ವಿಲ್ಲಿ ಮನ್ರೋ ಹತ್ತಿರ ಸೋತ. ಬೇರೆಯವರಾದರೆ ಆ ಊರಿನ ಬಸ್ಸು ಹತ್ತುತ್ತಿರಲಿಲ್ಲ. ಇವನು ಮತ್ತೆ ಹೋದ. ಮನ್ರೋನನ್ನು ಎರಡು ಸಲ ನಾಕೌಟ್ ಮಾಡಿದ, ಮುಂದೆ 1980ರಲ್ಲಿ ವಾಟ್ಸ್‌ನನ್ನೂ ಎರಡೇ ರೌಂಡಲ್ಲಿ. ಬೆನ್ನಿ ಬ್ರಿಸ್ಕೋನನ್ನೂ ಸೋಲಿಸಿದ. ಅವರೆಲ್ಲ ಪಕ್ಕಾ ಈ ತೂಕದವರು.

ಇಷ್ಟೆಲ್ಲ ಆದರೂ ಕಿರೀಟಕ್ಕೆ ಆಡುವ ಅವಕಾಶ 1979ರ ಕೊನೆವರೆಗೆ ಸಿಗಲಿಲ್ಲ. ಸಿಕ್ಕಾಗಲೂ ಆಗಿನ ಚಾಂಪಿಯನ್ ಅಂಟುಯೊಫರ್ಮೊ ಜೊತೆ ಡ್ರಾ ಅಂದುಬಿಟ್ಟರು. ಆ ಪಂದ್ಯ ನೋಡಿ, ಡ್ರಾ ಹೇಗಾಯಿತು ಹೇಳಿ. ಜಜ್‌ಗಳನ್ನು ನಂಬಬಾರದು ಅನ್ನುವುದು ಅವನಿಗೆ ತಲೆಗೆ ಹೋದದ್ದು ಆವತ್ತೇ ಇರಬೇಕು.

ಗರಡಿಮಣ್ಣು:

ತಡವಾಗಿ ಬಂದೆ. ಎಲ್ಲಾ ಓದಿದೆ. ಒಬ್ಬರೂ ಹ್ಯಾರಿ ಗ್ರೆಬ್ ಅನ್ನಲಿಲ್ಲ, ಬೇಜಾರಾಯಿತು.

ಪಿಟ್ಸ್‌ಬರ್ಗ್ ಊರಿನವನು. 1913ರಿಂದ 1926ರವರೆಗೆ ಹತ್ತಿರ ಹತ್ತಿರ 300 ಪಂದ್ಯ ಆಡಿದ. ಮುನ್ನೂರು. 1919 ಒಂದೇ ವರ್ಷದಲ್ಲಿ 40ಕ್ಕೂ ಮೀರಿ. ಈಗಿನವರು ವರ್ಷಕ್ಕೆ ಎರಡು ಆಡಿ ಸುಸ್ತಾಗುತ್ತಾರೆ. 1921ರಲ್ಲಿ ಒಂದು ಪಂದ್ಯದಲ್ಲಿ ಬಲಗಣ್ಣಿಗೆ ಏಟು ಬಿದ್ದು ದೃಷ್ಟಿ ಹೋಗುತ್ತಾ ಬಂತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಆಡಲು ಬಿಡುತ್ತಿರಲಿಲ್ಲ. ಒಂದೇ ಕಣ್ಣಲ್ಲಿ 1922ರಲ್ಲಿ ಜೀನ್ ಟನ್ನಿಯನ್ನು ಸೋಲಿಸಿದ. ಟನ್ನಿ ಯಾರು ಅಂತ ಗೊತ್ತಲ್ಲ? ಮುಂದೆ ಹೆವಿವೇಟ್ ಚಾಂಪಿಯನ್ ಆಗಿ ಜ್ಯಾಕ್ ಡೆಂಪ್ಸಿಯನ್ನು ಎರಡು ಸಲ ಸೋಲಿಸಿದವನು. ಅಂಥವನು ಇಡೀ ಜೀವನದಲ್ಲಿ ಸೋತದ್ದು ಒಂದೇ ಸಲ, ಅದು ಈ ಒಕ್ಕಣ್ಣನ ಕೈಯಲ್ಲಿ. ತೂಕದಲ್ಲೂ ಟನ್ನಿ ಹನ್ನೆರಡು ಪೌಂಡ್ ಆಸುಪಾಸು ಜಾಸ್ತಿ. ಮೊದಲ ರೌಂಡಲ್ಲೇ ಅವನ ಮೂಗು ಮುರಿಯಿತು, 15 ರೌಂಡ್ ರಕ್ತ ಸುರಿಸಿಕೊಂಡೇ ನಿಂತ. ಆಮೇಲೆ ಟನ್ನಿ ಇವನನ್ನು ಸೋಲಿಸಲು ಕಲಿತ, ಅದೂ ನಿಜ.

ನೀವು ಹಾಕಿರುವ ಷರತ್ತಿಗೆ ಬೇಕಾದರೆ ಅದನ್ನೂ ಬಿಡಿ. 1923ರಿಂದ 1926ರವರೆಗೆ 160ರ ಕಿರೀಟ ಅವನದೇ. 1925ರಲ್ಲಿ ಮಿಕಿ ವಾಕರ್‌ನನ್ನು ಸೋಲಿಸಿದ. ಕಿರೀಟ ಕಳೆದುಕೊಂಡದ್ದು ಟೈಗರ್ ಫ್ಲವರ್ಸ್ ಹತ್ತಿರ, ಈ ತೂಕದ ಮೊದಲ ಕರಿಯ ಚಾಂಪಿಯನ್ ಅವನು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂದು ಆಪರೇಷನ್ ಆದ ಮೇಲೆ ಗ್ರೆಬ್ ತೀರಿಕೊಂಡ. 32 ವಯಸ್ಸು.

ಜೀರೋಬ್ಯಾಲೆನ್ಸ್:

ಅಣ್ಣಾ ಗ್ರೆಬ್ ಆಡಿದ ಒಂದು ಪಂದ್ಯದ ಲಿಂಕ್ ಹಾಕಿ ನೋಡೋಣ.

ಗರಡಿಮಣ್ಣು:

ಇಲ್ಲ. ಅದೇ ತೊಂದರೆ. ಮುನ್ನೂರು ಪಂದ್ಯದಲ್ಲಿ ಒಂದರ ಫಿಲ್ಮ್ ಕೂಡ ಉಳಿದಿಲ್ಲ. ಅಭ್ಯಾಸ ಮಾಡುವ ಒಂದು ಸಣ್ಣ ತುಣುಕು ಇದೆ, 1925ರದ್ದು. ಹಲ್ಲು ಕಿರಿಯುತ್ತಾ ಸುಮ್ನೆ ಆಟ ಆಡುತ್ತಿರುತ್ತಾನೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಜೀರೋಬ್ಯಾಲೆನ್ಸ್:

ಮತ್ತೆ ಹೇಗೆ ನಂಬುವುದು? ನಮ್ಮಜ್ಜ ಹುಲಿ ಹೊಡೆದಿದ್ದ ಅಂತ ನಮ್ಮ ಮನೆಯಲ್ಲೂ ಹೇಳುತ್ತಾರೆ.

ನನ್ನ ಆಯ್ಕೆ ಕಝಾಕಿಸ್ತಾನದ ಗೊಲೊವ್ಕಿನ್. ಕಣ್ಣಾರೆ ನೋಡಿದ್ದೇನೆ. ಒಂದಾದ ಮೇಲೊಂದು 23 ನಾಕೌಟ್. 2017ರಲ್ಲಿ ಮೆಕ್ಸಿಕೊದ ಕನೆಲೊ ಜೊತೆ ಮೊದಲ ಪಂದ್ಯ, ಗೆದ್ದದ್ದು ಇವನೇ, ಕೊಟ್ಟದ್ದು ಡ್ರಾ. ಒಬ್ಬ ಜಜ್ ಕನೆಲೊಗೆ 118-110 ಬರೆದರು. ಅಂದರೆ 12ರಲ್ಲಿ 10 ರೌಂಡು ಕನೆಲೊಗೆ. ಬೇರೆ ಯಾವುದೋ ಪಂದ್ಯ ನೋಡುತ್ತಿದ್ದರೋ ಏನೋ.

ಗರಡಿಮಣ್ಣು:

ನಿಮ್ಮಜ್ಜನ ಹುಲಿ ಬೇಟೆಗೆ ಊರಿನ ಪೇಪರ್‌ನವರು ಬಂದಿದ್ದರಾ? ಗ್ರೆಬ್ ಪಂದ್ಯಕ್ಕೆ ಬರುತ್ತಿದ್ದರು. ಆ ಕಾಲದಲ್ಲಿ ಅಮೆರಿಕದ ಎಷ್ಟೋ ಕಡೆ ಪಂದ್ಯಕ್ಕೆ ತೀರ್ಪು ಕೊಡುವುದೇ ಕಾನೂನಿಗೆ ವಿರುದ್ಧ ಇತ್ತು. ನಾಕೌಟ್ ಆಗದಿದ್ದರೆ ಯಾರೂ ಗೆದ್ದಿಲ್ಲ. ಜೂಜು ಕಟ್ಟಿದವರು ಬೆಳಗ್ಗೆ ಪೇಪರ್ ನೋಡಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಹಾಗಾಗಿ ಗ್ರೆಬ್ ಗೆದ್ದ ಎಷ್ಟೋ ಪಂದ್ಯಗಳು ವರದಿಗಾರರ ಮಾತಿನಲ್ಲಿ ಮಾತ್ರ ಇವೆ. ಒಂದೇ ಪಂದ್ಯಕ್ಕೆ ಮೂರು ನಾಲ್ಕು ಪೇಪರ್, ಎಲ್ಲರೂ ಬರೆದದ್ದು ಹೆಚ್ಚುಕಮ್ಮಿ ಒಂದೇ: ಏಟು ಎಲ್ಲಿಂದ ಬರುತ್ತಿದೆ ಅಂತ ಎದುರಿನವನಿಗೆ ತಿಳಿಯುತ್ತಿರಲಿಲ್ಲ. ಹೆಬ್ಬೆರಳು ಕಣ್ಣಿಗೆ ಹಾಕುತ್ತಿದ್ದ, ತಲೆ ಗುದ್ದುತ್ತಿದ್ದ ಅಂತಲೂ ಬರೆದಿದ್ದಾರೆ. ಹೊಗಳುವುದೇ ಕೆಲಸ ಆಗಿದ್ದರೆ ಅದನ್ನು ಬರೆಯುತ್ತಿದ್ದರಾ?

ಫಿಲ್ಮಲ್ಲಿ ಇರುವುದಷ್ಟೇ ಲೆಕ್ಕ ಅಂದರೆ ಇನ್ನೊಬ್ಬನನ್ನೂ ಕಳೆದುಕೊಳ್ಳುತ್ತೀರಿ. ಚಾರ್ಲಿ ಬರ್ಲಿ, ಇವನೂ ಪಿಟ್ಸ್‌ಬರ್ಗ್‌ನವನೇ. 1936ರಲ್ಲಿ ಹಿಟ್ಲರನ ಬರ್ಲಿನ್ ಒಲಿಂಪಿಕ್ಸ್ ಬೇಡ ಅಂದು ಬಾರ್ಸಿಲೋನಾದ ಪರ್ಯಾಯ ಕ್ರೀಡಾಕೂಟಕ್ಕೆ ಹೋದ. ಅಲ್ಲಿ ಅಂತರ್ಯುದ್ಧ ಶುರುವಾಗಿ ಆಟವೇ ನಡೆಯಲಿಲ್ಲ. 1944ರಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಆರ್ಚಿ ಮೂರ್‌ನನ್ನು ಕೆಡವಿ ಕೆಡವಿ ಸೋಲಿಸಿದ. ತಾನು ಎದುರಿಸಿದವರಲ್ಲಿ ಇವನೇ ಮೇಲು ಅಂತ ಮೂರ್ ಕೊನೆವರೆಗೂ ಹೇಳಿದ. ಆದರೆ ಬರ್ಲಿಗೆ ಒಂದೇ ಒಂದು ಸಲ ಕೂಡ ವಿಶ್ವ ಕಿರೀಟಕ್ಕೆ ಆಡುವ ಅವಕಾಶ ಸಿಗಲಿಲ್ಲ. ಕರಿಯ, ಜೊತೆಗೆ ಸೋಲಿಸಲು ಕಷ್ಟ, ಜೊತೆಗೆ ಜನ ಟಿಕೆಟ್ ಕೊಂಡು ಬರುವಂಥ ಅಬ್ಬರದ ಆಟವಲ್ಲ. ಮೂರೂ ಸೇರಿದರೆ ಚಾಂಪಿಯನ್ ಆದವನು ಯಾಕೆ ಕರೆಯುತ್ತಾನೆ? ರಾಬಿನ್ಸನ್ ಕೂಡ ಅವನ ಜೊತೆ ಆಡಲೇ ಇಲ್ಲ. ಹಳೇಪೇಪರ್ ಅವರೇ, ಇದಕ್ಕೇನು ಹೇಳುತ್ತೀರಿ? ಬರ್ಲಿ ಆಮೇಲೆ ಪಿಟ್ಸ್‌ಬರ್ಗ್‌ನಲ್ಲಿ ಕಸ ಎತ್ತುವ ಕೆಲಸಕ್ಕೆ ಸೇರಿದ. ಅವನ ಒಂದೇ ಒಂದು ಪಂದ್ಯದ ಫಿಲ್ಮ್ ಉಳಿದಿದೆ, 1946ರದ್ದು, ಬಿಲ್ಲಿ ಸ್ಮಿತ್ ಜೊತೆ. ನೋಡಿ. ಕೈ ಕೆಳಗೆ ಬಿಟ್ಟುಕೊಂಡು ಸಂತೆಗೆ ಹೊರಟವನ ಹಾಗೆ ಓಡಾಡುತ್ತಾನೆ, ಏಟು ತಾಗುವುದಿಲ್ಲ.

ಹಳೇಪೇಪರ್:

ಬರ್ಲಿ ವಿಷಯದಲ್ಲಿ ಹೇಳುವುದಕ್ಕೆ ಏನೂ ಇಲ್ಲ. ಆಡಬೇಕಿತ್ತು. ಆಡಲಿಲ್ಲ.

ಜೀರೋಬ್ಯಾಲೆನ್ಸ್ ಅವರಿಗೆ ಒಂದು ಮಾತು. ಗೊಲೊವ್ಕಿನ್ ನನಗೂ ಇಷ್ಟ. ಆದರೆ ಈಗ ತೂಕ ನೋಡುವುದು ಪಂದ್ಯದ ಹಿಂದಿನ ದಿನ. ನೀರು ಬಿಟ್ಟು, ಬೆವರು ಸುರಿಸಿ 160ಕ್ಕೆ ಇಳಿದು, ರಾತ್ರಿಯೆಲ್ಲ ತಿಂದು ಕುಡಿದು 170 ದಾಟಿ ರಿಂಗಿಗೆ ಬರುತ್ತಾರೆ. ರಾಬಿನ್ಸನ್ ಕಾಲದಲ್ಲಿ ಅದೇ ದಿನ ಬೆಳಗ್ಗೆ ತೂಕ, ಸಂಜೆ ಪಂದ್ಯ. 160 ಅಂದರೆ 160. ರೌಂಡು ಕೂಡ ಹದಿನೈದು. ಕೊನೆಯ ಮೂರು ರೌಂಡು ಅಂದರೆ ಬೇರೆಯದೇ ಆಟ. ಲಮೋಟಾ 1950ರಲ್ಲಿ ದೊತ್ವೀ ಎಂಬ ಫ್ರೆಂಚರವನ ಎದುರು ಪಾಯಿಂಟಲ್ಲಿ ಪೂರ್ತಿ ಸೋತಿದ್ದ, 15ನೇ ರೌಂಡಲ್ಲಿ ಇನ್ನು 13 ಸೆಕೆಂಡ್ ಇರುವಾಗ ನಾಕೌಟ್ ಮಾಡಿ ಕಿರೀಟ ಉಳಿಸಿಕೊಂಡ. 12 ರೌಂಡಿನ ಕಾಲದಲ್ಲಿ ಆ ಪಂದ್ಯ ಸೋತು ಮನೆಗೆ ಹೋಗುತ್ತಿದ್ದ.

ಅಂದ ಹಾಗೆ ರಾತ್ರಿಪಾಳಿ, ಹ್ಯಾಗ್ಲರ್-ಲೆನಾರ್ಡ್ ಕೂಡ 12 ರೌಂಡು. ಲೆನಾರ್ಡ್ ಕಡೆಯವರು ಹಟ ಹಿಡಿದು ಹಾಗೆ ಮಾಡಿಸಿಕೊಂಡರು. ರಿಂಗೂ ದೊಡ್ಡದು ಬೇಕು ಅಂದರು, ಅದೂ ಸಿಕ್ಕಿತು. ಹ್ಯಾಗ್ಲರ್ ದುಡ್ಡು ಜಾಸ್ತಿ ಸಿಗುತ್ತೆ ಅಂತ ಒಪ್ಪಿದ.

ರಾತ್ರಿಪಾಳಿ:

ಅದನ್ನು ನೆನಪಿಸಬೇಡಿ ಸರ್. ಐದು ವರ್ಷದಲ್ಲಿ ಒಂದೇ ಪಂದ್ಯ ಆಡಿ ಬಂದವನು ಲೆನಾರ್ಡ್. ಕಣ್ಣಿನ ಆಪರೇಷನ್ ಬೇರೆ ಆಗಿತ್ತು. ಅವನಿಗೆ ಕೊಟ್ಟುಬಿಟ್ಟರಲ್ಲ. ಒಬ್ಬ ಜಜ್ 115-113 ಹ್ಯಾಗ್ಲರ್, ಇನ್ನೊಬ್ಬ 115-113 ಲೆನಾರ್ಡ್, ಮೂರನೆಯವನು 118-110 ಲೆನಾರ್ಡ್. ಜೀರೋಬ್ಯಾಲೆನ್ಸ್, ನಿಮ್ಮ 118-110ಗೆ ತಾತ ಇವನು.

ಗರಡಿಮಣ್ಣು:

ಒಂದು ಕೆಲಸ ಮಾಡಿ. ಆ ಪಂದ್ಯ ಸೌಂಡ್ ಪೂರ್ತಿ ಮ್ಯೂಟ್ ಮಾಡಿ ನೋಡಿ. ಕಾಮೆಂಟರಿ ಬೇಡ, ಜನರ ಕೂಗೂ ಬೇಡ. ಒಂದು ಹಾಳೆ ಇಟ್ಟುಕೊಂಡು ಪ್ರತಿ ರೌಂಡು ಮುಗಿದ ತಕ್ಷಣ ವಿಡಿಯೋ ನಿಲ್ಲಿಸಿ ಯಾರಿಗೆ ಅಂತ ಬರೆಯಿರಿ. ಹಿಂದೆ ತಿರುಗಿಸಿ ನೋಡಬಾರದು, ಜಜ್‌ಗೆ ಆ ಸೌಲಭ್ಯ ಇಲ್ಲ. ಮುಗಿದ ಮೇಲೆ ಇಲ್ಲಿ ಬಂದು ನಿಜ ಹೇಳಿ.

ರಾತ್ರಿಪಾಳಿ:

ಗರಡಿಮಣ್ಣು ಹೇಳಿದ ಹಾಗೆ ಮಾಡಿದೆ. ಭಾನುವಾರ, ರಜೆ ಇತ್ತು, ಮನೆಯ ಟೀವಿಯಲ್ಲಿ ಹಾಕಿದೆ. ಹಾಳೆ ಮುಂದೆ ಇದೆ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೊದಲ ನಾಲ್ಕೂ ಲೆನಾರ್ಡ್‌ಗೆ. ಇದು ನನಗೆ ಬೇಜಾರಾಯಿತು. ಹ್ಯಾಗ್ಲರ್ ಹುಟ್ಟಾ ಎಡಚನ ಹಾಗೆ ಆಡುವವನು, ಆವತ್ತು ಯಾಕೋ ಬಲಗೈಯವನ ಹಾಗೆ ನಿಂತು ಶುರು ಮಾಡಿದ. ಎರಡು ರೌಂಡು ಹಾಗೇ ಸುಮ್ನೆ ಹಾಳಾಯಿತು. ಇಷ್ಟು ವರ್ಷ ನೋಡಿದ್ದೇನೆ, ಸೌಂಡ್ ಇದ್ದಾಗ ಅದು ಇಷ್ಟು ಕಣ್ಣಿಗೆ ಹೊಡೆದಿರಲಿಲ್ಲ. ಐದರಿಂದ ಆಟ ತಿರುಗಿತು. 5, 7, 8, 9 ಹ್ಯಾಗ್ಲರ್. ಒಂಬತ್ತನೇ ರೌಂಡ್ ಬೆಂಕಿ, ಮೂಲೆಗೆ ಹಾಕಿ ಜಪ್ಪಿದ, ಲೆನಾರ್ಡ್ ಇನ್ನೇನು ಹೋದ ಅನ್ನುವಷ್ಟರಲ್ಲಿ ತಿರುಗಿ ಹೊಡೆದ. ಆರನೆಯದು ಲೆನಾರ್ಡ್‌ಗೆ ಬರೆದಿದ್ದೇನೆ, ಪೆನ್ ಎರಡು ಸಲ ಹೊಡೆದು ಹಾಕಿದ ಗುರುತು ಇದೆ. 10 ಹ್ಯಾಗ್ಲರ್. ಅಲ್ಲಿಗೆ ಐದು-ಐದು.

ಹನ್ನೊಂದು ಶುರುವಾಗುವಾಗ ಅಮ್ಮ ನೀರು ಕುಡಿಯಲು ಎದ್ದು ಬಂದರು. ಸೌಂಡ್ ಇಲ್ಲದೆ ಏನು ನೋಡುತ್ತಿದ್ದೀಯಾ ಅಂದರು. ಹೇಳಿದೆ. ಚೊಂಬು ಹಿಡಿದುಕೊಂಡು ಸೋಫಾ ತುದಿಯಲ್ಲಿ ಕೂತರು. ಲೆನಾರ್ಡ್ ಗೊತ್ತಲ್ಲ, ರೌಂಡಿನ ಕೊನೆಯ ಅರ್ಧ ನಿಮಿಷ ಪಟಪಟ ಅಂತ ಕೈ ಬೀಸುತ್ತಾನೆ, ಅರ್ಧ ಏಟು ಕೈಗವಸಿಗೇ ಬೀಳುತ್ತವೆ. ಒಂದು ಸಲ ಬಲಗೈಯನ್ನು ಗಿರಗಿರ ತಿರುಗಿಸಿ ಅಣಕಿಸುತ್ತಾನೆ. ಅಮ್ಮ ನಕ್ಕುಬಿಟ್ಟರು. ಹನ್ನೊಂದು ಲೆನಾರ್ಡ್, ಹನ್ನೆರಡು ಹ್ಯಾಗ್ಲರ್ ಅಂತ ಬರೆದೆ. 114-114. ನನ್ನ ಕೈಯಲ್ಲೇ ಡ್ರಾ ಬಂತು.

ಅಮ್ಮನನ್ನು ಕೇಳಿದೆ, ಯಾರು ಗೆದ್ದರು ಅನಿಸುತ್ತೆ ಅಂತ. ಚೊಂಬು ಎತ್ತಿಕೊಂಡು ಒಳಗೆ ಹೋಗುತ್ತಾ, ‘ಆ ಕುಣಿಯೋ ಹುಡುಗ. ಬೋಳುತಲೆಯವನು ಪಾಪ, ಬರೀ ಅಟ್ಟಿಸಿಕೊಂಡು ಹೋಗುತ್ತಿದ್ದ’ ಅಂದರು.

ಗರಡಿಮಣ್ಣು:

ಅಮ್ಮ ನೋಡಿದ್ದು ಎರಡೇ ರೌಂಡು ತಾನೇ? ಇನ್ನೊಂದು ಭಾನುವಾರ ಹನ್ನೆರಡೂ ತೋರಿಸಿ, ಆಮೇಲೆ ಮಾತಾಡೋಣ. ಆರನೇ ರೌಂಡ್ ನಾನು ಹ್ಯಾಗ್ಲರ್‌ಗೆ ಕೊಟ್ಟಿದ್ದೇನೆ.